ನಮ್ಮ ದವಾಖಾನೆಯ ನರ್ಸಬಾಯಿ

ದಾಂಡೇಲಿ,
೧೪ ಸೆಪ್ಟೆಂಬರ್ ೧೯೬೨, ಶುಕ್ರವಾರ

ನನ್ನ ಬಂಗಾರದ ಗೋದೂ,

ಮೊದಲು ನಿನ್ನ ಎರಡೂ ಕೆನ್ನೆಗೆ ಒಂದೊಂದು ಮುತ್ತು. ಆಮೇಲೆ ನೀನು ನನ್ನ ಕಿವಿ ಹಿಂಡು, ನಾನು ತಯಾರಾಗಿ ಕೂತಿದ್ದೇನೆ. ಮೂರು ತಿಂಗಳಿಂದ ನಿನಗೆ ಒಂದು ಸಾಲು ಬರೆದಿಲ್ಲ. ನಿನ್ನ ಅವ್ವ ತೀರಿಕೊಂಡ ಸುದ್ದಿ ಜುಲೈನಲ್ಲೇ ಮುಟ್ಟಿತ್ತು. ಅವತ್ತೇ ಬರೆಯಲು ಕೂತಿದ್ದೆ ಗೋದೂ, ಪ್ರಾಮಿಸ್, ಆದರೆ ಅವತ್ತೇ ಇವರು ಹುಬ್ಬಳ್ಳಿಯಿಂದ ಗ್ರಾಮೊಫೋನ್ ತಂದುಬಿಟ್ಟರು, ಕಾಗದ ಹಾಗೇ ಉಳಿಯಿತು. ಸ್ಕೂಲಿನಲ್ಲಿ ಆಯಾ ಆಗಿದ್ದರೂ ಆಕೆ ನನಗೂ ಅವ್ವನೇ. ನನ್ನ ಜಡೆಗೆ ಎಷ್ಟು ಚಂದ ರಿಬ್ಬನ್ ಕಟ್ಟುತ್ತಿದ್ದಳು! ನಿನಗೆ ಕಟ್ಟಲು ಆಕೆಗೆ ಪುರಸೊತ್ತೇ ಇರುತ್ತಿರಲಿಲ್ಲ, ಪಾಪ. ದೇವರು ಆಕೆಯ ಆತ್ಮಕ್ಕೆ ಶಾಂತಿ ಕೊಡಲಿ. ಈಗ ಕಣ್ಣು ಒರೆಸಿಕೊ. ನಿನ್ನಿಂದ ನನಗೆ ಒಂದು ಕೆಲಸ ಆಗಬೇಕು.

ತೀರ ಸಣ್ಣ ಕೆಲಸ. ಕಾರವಾರದಿಂದ ನಿನಗೊಂದು ಸರಕಾರಿ ಪತ್ರ ಬರುತ್ತದೆ. ಜೂನ್ ತಿಂಗಳಲ್ಲಿ ದಾಂಡೇಲಿಯ ಈ ದವಾಖಾನೆಯಲ್ಲಿ ನೀನು ನರ್ಸ್ ಆಗಿದ್ದೆಯೇ ಎಂದು ಕೇಳಿರುತ್ತಾರೆ. ‘ಹೌದು, ಇಪ್ಪತ್ತೊಂದನೇ ತಾರೀಖಿನವರೆಗೆ ಇದ್ದೆ’ ಎಂದು ಒಂದೇ ಸಾಲು ಬರೆದು ಕಳಿಸಬೇಕು. ಬರೆದರೆ ನಮ್ಮ ದವಾಖಾನೆ ಉಳಿಯುತ್ತದೆ. ಬರೆಯದಿದ್ದರೆ ಬಾಗಿಲಿಗೆ ಬೀಗ ಬೀಳುತ್ತದೆ, ಇವರ ಹೆಸರು ಡಾಕ್ಟರುಗಳ ಪಟ್ಟಿಯಿಂದಲೇ ಹೋಗಬಹುದು, ನಿನ್ನ ನೀಲು ಮದುವೆಯಾದ ನೂರನೇ ದಿನಕ್ಕೆ ಗಂಟುಮೂಟೆ ಕಟ್ಟಬೇಕಾಗುತ್ತದೆ. ನೀನು ಹಾಗೆ ಆಗಲು ಬಿಡುವವಳಲ್ಲ ಎಂದು ಇವರಿಗೆ ಹೇಳಿಬಿಟ್ಟಿದ್ದೇನೆ.

ನಾನು ಕನ್ನಡದಲ್ಲಿ ಬರೆಯುತ್ತಿರುವುದನ್ನು ನೋಡಿ ನಗಬೇಡ. ಇಂಗ್ಲಿಷಿನಲ್ಲಿ ಏನು ಬರೆದರೂ ತನ್ನ ಮೇಲೆ ಚಾಡಿ ಬರೆದಂತೆ ನಮ್ಮ ಅತ್ತೆ ಗುರುಸಿದ್ದವ್ವನಿಗೆ. ಹಾಳೆ ಕಂಡರೆ ಸಾಕು, ಅಡಿಗೆಮನೆಯಿಂದಲೇ ಶುರು: “ಬರೀವಾ, ಬರೀ! ಅತ್ತಿ ರೊಟ್ಟಿ ಕರಕ ಮಾಡ್ತಾಳಂತ ಇಂಗ್ರೇಜಿನ್ಯಾಗ ಬರೀ, ರಾಣಿಗೆ ಮುಟ್ಟಲಿ.” ಅದಕ್ಕೇ ಈ ವೇಷ.

ಮತ್ತೆ ಇವರು! ಗೋದೂ, ಏನು ಹೇಳಲಿ. ಬಿಳಿ ಕೋಟು ಹಾಕಿಕೊಂಡು ಕೊರಳಿಗೆ ಸ್ಟೆಥಾಸ್ಕೋಪ್ ಇಳಿಬಿಟ್ಟು ಕೂತರೆ ನೋಡುತ್ತಲೇ ಇರಬೇಕು ಅನಿಸುತ್ತದೆ. ಮುಂಜಾನೆ ಎಂಟರಿಂದ ಒಂದೂವರೆತನಕ ಕಾಗದದ ಮಿಲ್ಲಿನ ಮಂದಿ, ಬಿದಿರು ಹೊರುವ ಮಂದಿ, ಕಟ್ಟಿಗೆ ಅಡ್ಡೆಯ ಮಂದಿ ದವಾಖಾನೆ ತುಂಬ ಇರುತ್ತಾರೆ. ಎಲ್ಲರಿಗೂ ಸೂಜಿ ಬೇಕು. ಕೆಮ್ಮಿಗೆ ಸೂಜಿ, ಸೊಂಟಕ್ಕೆ ಸೂಜಿ, ಗಂಡ ಬೈದರೆ ಸೂಜಿ. “ಗುಳಿಗಿ ಕೊಟ್ಟರ ಈ ಡಾಕ್ಟರಗ ಏನೂ ಬರೂದಿಲ್ಲ ಅಂತಾರ” ಎಂದು ಇವರು ನಗುತ್ತಾರೆ. ಅರ್ಧ ಜನಕ್ಕೆ ಬರೀ ಶುದ್ಧ ನೀರಿನ ಸೂಜಿ. ಅದನ್ನೇ ಹಾಕಿಸಿಕೊಂಡು ಎಷ್ಟು ಸಂತೋಷದಿಂದ ಹೋಗುತ್ತಾರೆಂದರೆ, ನೋಡಿದರೆ ನಿನಗೂ ಖುಷಿಯಾದೀತು.

ನಿನಗೆ ಇದೆಲ್ಲ ಗೊತ್ತೇ ಇದೆ. ಹೊಸ ಹೆಣ್ಣು ಗಂಡನ ಮನೆಗೆ ಬರುವಾಗ ಜೊತೆಗಾತಿಯಾಗಿ ಒಬ್ಬಳು ಬಂದು ಕೆಲವು ದಿನ ಇದ್ದು ಹೋಗುವುದು ಪದ್ಧತಿ. ಚಿಕ್ಕಮ್ಮ ಪೆಟ್ಟಿಗೆ ಕಟ್ಟಿಕೊಂಡು ನಿಂತಿದ್ದರೂ ನಾನು ನೀನೇ ಬೇಕೆಂದು ಹಟ ಹಿಡಿದೆ. ಅವ್ವನ ಆರೈಕೆಗೆಂದು ನೀನು ಒಂದು ತಿಂಗಳ ರಜೆ ಹಾಕಿದ್ದೆ. ಅದರಲ್ಲಿ ಒಂಬತ್ತು ದಿನ ನನಗೆ ಕೊಟ್ಟೆ. ಎಂಥ ಸ್ವೀಟ್ ನೀನು! ನಮ್ಮ ಅತ್ತೆ ಮಾತ್ರ ನಿನ್ನ ತಾಟು ಬೇರೆ ಇಟ್ಟಿದ್ದರು, ಅಡಿಗೆಮನೆಗೆ ಬಿಡುತ್ತಿರಲಿಲ್ಲ. ನೀನು ಗಮನಿಸಿರಲಿಕ್ಕಿಲ್ಲ. ಒಳಗೆ ಕೂರಲು ಜಾಗವಿಲ್ಲದೆ ನೀನು ದಿನವಿಡೀ ದವಾಖಾನೆಯಲ್ಲಿ ಕಂಪೌಂಡರ್ ಈಶಪ್ಪನ ಜೊತೆ ಗಾಯ ತೊಳೆಯುತ್ತ, ಪಟ್ಟಿ ಕಟ್ಟುತ್ತ ಕಳೆದೆ. ಆ ಬಿಳಿ ಸೀರೆಯಲ್ಲಿ! ಜನ ನಿನ್ನನ್ನು ನರ್ಸಬಾಯಿ, ನರ್ಸಬಾಯಿ ಎಂದು ಕರೆಯುತ್ತಿದ್ದರು. ಅದೇ ಈಗ ನಮ್ಮನ್ನು ಕಾಪಾಡಿದ್ದು.

ಹೇಗೆಂದು ಹೇಳುತ್ತೇನೆ. ನೀನು ಹದಿನಾಲ್ಕನೇ ತಾರೀಖು ಗುರುವಾರ ಹೊರಟುಹೋದೆ. ನನಗೆ ಬೇಸರವಾಗತೊಡಗಿತು. ಇವರು ಅರ್ಧ ದಿನ ದವಾಖಾನೆಗೂ ಮನೆಗೂ ನಡುವಿನ ಪರದೆಯ ಆಚೆ, ನಾನು ಈಚೆ ಅತ್ತೆಯ ಜೊತೆ ಅಕ್ಕಿ ಆರಿಸುತ್ತ ಕೂರಬೇಕು. ಅದಕ್ಕೊಂದು ಉಪಾಯ ಹೂಡಿದೆ. ಸೂಜಿ ಕುದಿಸುವ ಕೆಲಸ ಈಶಪ್ಪನಿಂದ ಕಸಿದುಕೊಂಡೆ. ಸೂಜಿ, ಸಿರಿಂಜು ತಟ್ಟೆಯಲ್ಲಿಟ್ಟು ಇವರ ಪಕ್ಕ ನಿಂತು ಒಂದೊಂದೇ ಕೈಗೆ ಕೊಡುವುದು. ಕೊಡುವಾಗ ಇವರ ಬೆರಳು ನನ್ನ ಬೆರಳಿಗೆ ತಾಗುತ್ತಿತ್ತು. ದಿನಕ್ಕೆ ನಲವತ್ತು ಸಲ, ಗೋದೂ! ಅಷ್ಟು ಜನರ ಎದುರಿಗೆ, ಯಾರಿಗೂ ಗೊತ್ತಾಗದ ಹಾಗೆ!

ನೀನು ಕಲಿಸಿದ್ದು ನನಗೆ ನೆನಪಿತ್ತು. ನೀರು ಗುಳ್ಳೆ ಎದ್ದ ಮೇಲೆ ಇಪ್ಪತ್ತು ನಿಮಿಷ. ಆದರೆ ಈಶಪ್ಪನ ಸ್ಟವಿನ ಮುಂದೆ ಇಪ್ಪತ್ತು ನಿಮಿಷ ಯಾರು ಕೂರುತ್ತಾರೆ? ಅದರ ಭರ್ರೋ ಎನ್ನುವ ಸದ್ದಿನಲ್ಲಿ ಇವರ ಧ್ವನಿಯೇ ಕೇಳುವುದಿಲ್ಲ, ಸೀರೆಗೆಲ್ಲ ಚಿಮಣಿ ಎಣ್ಣೆಯ ನಾತ. ಅಡಿಗೆಮನೆಯ ಒಲೆಗೆ ಒಯ್ದರೆ ಅತ್ತೆ ಹೌಹಾರಿಬಿಟ್ಟರು. “ಕಂಡಕಂಡವರ ರಗತ ಹತ್ತಿದ ಸೂಜಿ ನನ್ನ ಒಲಿ ಮ್ಯಾಲ? ಲಿಂಗದ ನೈವೇದ್ಯ ಬೇಯೂ ಒಲಿ ಐತಿ ಇದು!” ಎಂದು ಕೂಗಿದರು. ಆಮೇಲೆ ಅವರೇ ದಾರಿ ತೋರಿಸಿದರು: “ಬಚ್ಚಲ ಹಂಡೆದಾಗ ನೀರ ಸುಡಸುಡ ಇರ್ತಾವ, ಅದರಾಗ ಅದ್ದಿ ತಗೀ.” ಎಷ್ಟು ಸುಲಭ! ಅರ್ಧ ನಿಮಿಷದ ಕೆಲಸ. ಕೈ ಇಟ್ಟರೆ ಚುರ್ರೆನ್ನುವಷ್ಟು ಬಿಸಿ ಇರುತ್ತಿತ್ತು. ಮೇಲಿಂದ ನಾನು ಎರಡು ಹನಿ ಕಲೋನ್ ಬೇರೆ ಹಾಕುತ್ತಿದ್ದೆ, ಘಮ ಅಂತ.

ಈಶಪ್ಪನಿಗೆ ಹೊಟ್ಟೆಕಿಚ್ಚು. ಇವರ ತಂದೆಯ ಕಾಲದವನು, ತನ್ನ ಸ್ಟವು ಬಿಟ್ಟು ಬೇರೆ ದೇವರಿಲ್ಲ ಅವನಿಗೆ. ದಿನವೂ ಬಚ್ಚಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. “ಅವ್ವಾರ, ಹಂಡೆದ ನೀರು ಮೈ ತೊಳ್ಯಾಕ ಅಷ್ಟರೀ. ಸೂಜಿ ಕುದೀಬೇಕು, ಕೊತಕೊತ ಅನಬೇಕು.”

“ನಿನಗ ಮದುವಿ ಆಗಿಲ್ಲಲ್ಲ ಈಶಪ್ಪಾ, ನಿನಗ ತಿಳ್ಯೂದಿಲ್ಲ” ಎಂದು ನಾನು ನಗುತ್ತ ಓಡಿಬರುತ್ತಿದ್ದೆ. ಅವನು ಇವರಿಗೂ ಹೇಳಿದ. ಇವರು, “ಇರಲಿ ಬಿಡೋ, ಹೊಸದು, ನಾಕು ದಿನ ಆಡಲಿ” ಅಂದರು. ಎಷ್ಟು ಒಳ್ಳೆಯ ಮನಸ್ಸು ನೋಡು.

ಹತ್ತೊಂಬತ್ತನೇ ತಾರೀಖು, ಕಾರ ಹುಣ್ಣಿಮೆಯ ಮರುದಿನ, ಯಲ್ಲವ್ವ ಎನ್ನುವವಳು ಬಂದಳು. ನನ್ನದೇ ವಯಸ್ಸು. ಅವಳ ಗಂಡ ದುರ್ಗಪ್ಪನೂ ಅವಳೂ ಲಾರಿಗೆ ಬಿದಿರು ಹೇರುತ್ತಾರೆ, ಸವದತ್ತಿ ಕಡೆಯ ಮಂದಿ. “ಮೈಯಾಗ ಕಸುವಿಲ್ಲರೀ ಡಾಕ್ಟರ. ಹೊರಿ ಎತ್ತಿದರ ಕಣ್ಣಿಗೆ ಕತ್ತಲಿ ಬರ್ತೈತಿ. ಒಂದ ಸೂಜಿ ಹಾಕ್ರಿ, ನಾಳಿ ಮತ್ತ ಕೆಲಸಕ್ಕ ಹೋಗಬೇಕು.” ಇವರು ಅವಳಿಗೆ ನೀರಿನ ಸೂಜಿ ಹಾಕಿದರು. ಅವಳು ನನ್ನ ಮುಖವನ್ನೇ ನೋಡುತ್ತ, “ಹೊಸಾ ಬಾಯಾರು ಭಾಳ ಚಲುವಿ ಅದಾರ. ಇವರ ಕೈಯಿಂದ ಬಂದ ಸೂಜಿ ನೋಯೂದೂ ಇಲ್ಲ ನೋಡ್ರಿ” ಅಂದಳು. ನಾನು ಆ ಮಾತನ್ನು ದಿನವೆಲ್ಲ ನೆನೆಸಿಕೊಂಡು ನಕ್ಕಿದ್ದೆ.

ಆ ವಾರ ಸೂಜಿ ಹಾಕಿಸಿಕೊಂಡ ಏಳು ಜನಕ್ಕೆ ಕುರು ಎದ್ದವು. ಆರು ಜನರದು ಒಡೆದು, ಕೀವು ಹೋಗಿ ಮಾಯಿತು. ಯಲ್ಲವ್ವನ ತೋಳು ಊದಿ ಕಪ್ಪಗಾಯಿತು. ಅವಳು ಅದಕ್ಕೆ ಏನೋ ಸೊಪ್ಪು ಕಟ್ಟಿಕೊಂಡು ನಾಲ್ಕು ದಿನ ಕೆಲಸಕ್ಕೂ ಹೋದಳಂತೆ, ಅದು ಯಾರ ತಪ್ಪು ಹೇಳು? ಕೊನೆಗೆ ಹುಬ್ಬಳ್ಳಿಗೆ ಒಯ್ದರು. ಅಲ್ಲಿ ಬಲಗೈಯನ್ನು ಭುಜದ ಕೆಳಗೆ ತೆಗೆದುಬಿಟ್ಟರು. ನೀರಿನಿಂದ ಯಾರ ಕೈಯಾದರೂ ಕೊಳೆಯುತ್ತದೆಯೇ ಗೋದೂ? ನೀನು ನರ್ಸ್, ನೀನೇ ಹೇಳು. ಬೇಡ, ಹೇಳಬೇಡ. ಈಶಪ್ಪ ದಿನವೂ ಮುಖದಲ್ಲೇ ಹೇಳುತ್ತಿದ್ದ, ಅದೇ ಸಾಕಾಗಿದೆ.

ದುರ್ಗಪ್ಪ ಯಾರಿಂದಲೋ ಅರ್ಜಿ ಬರೆಸಿ ಕಾರವಾರಕ್ಕೆ ಕಳಿಸಿದ. ಅಲ್ಲಿಂದ ಮೊನ್ನೆ ಮಂಗಳವಾರ ಅಡಿವೆಯ್ಯ ಎನ್ನುವ ಅಧಿಕಾರಿ ಜೀಪಿನಲ್ಲಿ ಬಂದಿಳಿದರು. ನನಗೆ ಮೊದಲು ಥ್ರಿಲ್ ಆಯಿತು, ಇನ್‌ಸ್ಪೆಕ್ಷನ್ ಅಂದರೆ ಸ್ಕೂಲಿನ ಹಾಗೆ ಇರುತ್ತದೆ ಅಂದುಕೊಂಡು ಟೇಬಲ್ ಮೇಲೆ ಹೂವಿಟ್ಟೆ. ಅವರು ಹೂವನ್ನು ನೋಡಲೂ ಇಲ್ಲ. ಗೋಡೆಯ ಮೇಲಿನ ಇವರ ಸರ್ಟಿಫಿಕೇಟ್ ಓದಿದರು, ಔಷಧದ ಬಾಟಲಿ ಬೆಳಕಿಗೆ ಹಿಡಿದರು, ಹಿಂದಿನ ಖೋಲಿಯ ಎರಡು ಮಂಚ ನೋಡಿ, “ರೋಗಿಗಳನ್ನ ಇಟಗೋತೀರಿ ಅಂದಮ್ಯಾಲ ನೋಂದಣಿ ಬೇಕಲ್ಲರೀ, ಕಲಿತ ನರ್ಸ್ ಬೇಕಲ್ಲ” ಅಂದರು. ಆಮೇಲೆ ಸೂಜಿ ಕುದಿಸುವ ಸ್ಟೀಲಿನ ಡಬ್ಬಿ ತೆರೆದರು. ಅದರಲ್ಲಿ ನನ್ನ ಕಸೂತಿಯ ದಾರದ ಉಂಡೆಗಳಿದ್ದವು! ಸುಮ್ಮನೆ ಖಾಲಿ ಬಿದ್ದಿತ್ತಲ್ಲ ಎಂದು ಜೂನಿನಿಂದ ಅಲ್ಲೇ ಇಡುತ್ತಿದ್ದೆ.

“ಡಾಕ್ಟರ, ಈ ರೇಶಿಮಿ ದಾರ ಎಷ್ಟ ನಿಮಿಷ ಕುದಸ್ತೀರಿ?” ಎಂದು ಕೇಳಿದರು.

ನನಗೆ ನಗು ತಡೆಯಲಾಗಲಿಲ್ಲ. ಇವರ ಕಿವಿ ಕೆಂಪಗಾಗಿದ್ದವು, ಎಷ್ಟು ಮುದ್ದಾಗಿ ಕಾಣುತ್ತಿದ್ದರು ಗೊತ್ತಾ. ಅಡಿವೆಯ್ಯನವರು ಡಬ್ಬಿ ಮುಚ್ಚಿ ಕೂತರು. “ನಗೂ ಮಾತಲ್ಲ ಇದು. ಒಬ್ಬ ಹೆಣ್ಣಮಗಳ ಕೈ ಹೋಗೇತಿ. ಹತ್ತೊಂಬತ್ತನೇ ತಾರೀಖು ಸೂಜಿ ಕುದಿಸಿದವರು ಯಾರು? ಹೆಸರ ಹೇಳ್ರಿ. ಕಲಿತವರು ತಪ್ಪು ಮಾಡಿದ್ದರ ವಿಚಾರಣಿ ಅವರ ಮ್ಯಾಲ ನಡೀತೈತಿ, ನಿಮಗ ತಾಕೀತು ಕೊಟ್ಟು ಬಿಡ್ತೇನಿ. ಕಲೀದವರ ಕೈಯಾಗ ಕೊಟ್ಟಿದ್ದರ ಇವತ್ತ ಬೀಗಾ ಹಾಕಿ ಹೋಗ್ತೇನಿ.”

ಮೂಲೆಯಲ್ಲಿದ್ದ ಈಶಪ್ಪ ಒಂದು ಹೆಜ್ಜೆ ಮುಂದೆ ಬಂದ. ಪರದೆಯ ಹಿಂದಿನಿಂದ ಅತ್ತೆಯ ಧ್ವನಿ ಬಂತು: “ಈಶಪ್ಪಾ, ಸಾಹೇಬರಿಗೆ ಚಾ ತಗೊಂಡ ಬಾ. ಲಗೂನ ಬಾ.” ಅವನು ಒಳಗೆ ಹೋದ. ಆ ಹೊತ್ತಿನಲ್ಲಿ ಮಾತಿಗೆ ಮಾತು ಬಂದು ನಿನ್ನ ಹೆಸರು ಬಂತು.

ಅಡಿವೆಯ್ಯನವರು ಒಳ್ಳೆಯ ಮನುಷ್ಯ, ಹೇಳಿದ್ದನ್ನು ಹಾಗೇ ನಂಬಲಿಲ್ಲ. ಹೊರಗೆ ಕಟ್ಟೆಯ ಮೇಲೆ ಕೂತ ಜನರನ್ನು ಕೇಳಿದರು. ಹಾಲು ಮಾರುವ ಮುದುಕಿ ಕೆಂಚವ್ವ ಇದ್ದಾಳಲ್ಲ, ಅವಳು ಎದ್ದು ನಿಂತಳು. “ಇದ್ಲರೀ ಸಾಹೇಬ, ಬಿಳೀ ಸೀರ್ಯಾಕಿ. ಭಾಳ ಚಲೋ ಹುಡುಗಿ. ನನ್ನ ಕಾಲಿನ ಹುಣ್ಣ ತೊಳದ್ಲು, ಹುಳಾ ಆಗಿದ್ದೂವು, ಮೂಗ ಮುಚ್ಚಲಿಲ್ಲ.” ಯಾವಾಗ ಇದ್ದಳು ಎಂದು ಕೇಳಿದ್ದಕ್ಕೆ, “ಕಾರ ಹುಣ್ಣಿವಿ ಸುಮಾರಕ್ಕರೀ” ಅಂದಳು. ಮುದುಕಿಗೆ ತಾರೀಖು ಏನು ಗೊತ್ತು! ಅಡಿವೆಯ್ಯನವರು ಅದನ್ನೇ ಬರೆದುಕೊಂಡರು. ನಿನ್ನ ಒಳ್ಳೆಯತನವನ್ನು ಊರೇ ಹೇಳಿತು ಗೋದೂ, ನನಗೆ ಎಷ್ಟು ಹೆಮ್ಮೆಯಾಯಿತು.

ಸರಿ, ನಿನ್ನ ಮುಂದೆ ಯಾಕೆ ಸುಳ್ಳು. ನಿನ್ನ ಹೆಸರು ಹೇಳಿದ್ದು ನಾನೇ. ಇವರು ಟೇಬಲ್ಲಿನ ಮೇಲಿನ ಹೂವನ್ನು ನೋಡುತ್ತ ಕೂತಿದ್ದರು. ನಿನ್ನ ಪೂರ್ತಿ ಹೆಸರು, ನರ್ಸಿಂಗ್ ಪಾಸಾದ ವರ್ಷ, ಈಗಿರುವ ಬೆಳಗಾವಿಯ ಆಸ್ಪತ್ರೆ ಎಲ್ಲ ನಾನೇ ಬರೆಸಿದೆ. ನನ್ನ ಇಂಗ್ಲಿಷ್ ಕೇಳಿ ಅಡಿವೆಯ್ಯನವರು “ಬಾಯಾರು ಭಾಳ ಕಲಿತಾರ” ಅಂದರು. ಅವರು ಹೋದ ಮೇಲೆ ಇವರು ನನ್ನ ಎರಡೂ ಕೈ ಹಿಡಿದುಕೊಂಡರು, ಕಣ್ಣಲ್ಲಿ ನೀರು. ಮದುವೆಯಾದಾಗಿನಿಂದ ಅಂಥ ಕ್ಷಣ ಬಂದಿರಲಿಲ್ಲ.

ನೀನು ಹೇಳುವುದು ನನಗೆ ಈಗಲೇ ಕೇಳಿಸುತ್ತಿದೆ. ‘ನೀಲೂ, ಹತ್ತೊಂಬತ್ತರಂದು ನಾನು ಖಾನಾಪುರದ ಹತ್ತಿರ ಅವ್ವನ ಹಾಸಿಗೆ ಪಕ್ಕ ಕೂತಿದ್ದೆ.’ ಗೊತ್ತು ಕಣೇ. ಆದರೆ ಅದನ್ನು ಹೇಳಲು ಈಗ ನಿನ್ನ ಅವ್ವ ಇಲ್ಲ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ ಎಂದು ನೀನೇ ಬರೆದಿದ್ದೆ. ಆಸ್ಪತ್ರೆಯ ಹಾಜರಿಯಲ್ಲಿ ನೀನು ರಜೆ. ಎಲ್ಲ ಎಷ್ಟು ಚೆನ್ನಾಗಿ ಕೂಡಿ ಬಂದಿದೆ ನೋಡು, ದೇವರೇ ಮಾಡಿಟ್ಟ ಹಾಗೆ.

ಈಶಪ್ಪನನ್ನು ಹುಡುಕಲು ಹೋಗಬೇಡ. ಅವತ್ತೇ ಸಂಜೆ ಕೋಟು ಬಿಚ್ಚಿ ಮೊಳೆಗೆ ಹಾಕಿದ. “ಇಪ್ಪತ್ತ ವರ್ಷದಾಗ ನನ್ನ ಕೈಯಿಂದ ಒಂದ ಕುರು ಎದ್ದಿಲ್ಲರೀ. ಈಗ ಆ ಹುಡುಗಿ ಅನ್ನಕ್ಕ ಮಣ್ಣ ಹಾಕಿದ್ರಿ” ಎಂದು ಇವರ ಮುಖಕ್ಕೇ ಹೇಳಿದ, ನನ್ನ ಕಡೆ ನೋಡಲೂ ಇಲ್ಲ. ಇವರು ಅವನಿಂದ ಒಂದು ಹಾಳೆಯ ಮೇಲೆ ಸಹಿ ತೆಗೆದುಕೊಂಡರು, ಜೂನ್ ತಿಂಗಳಲ್ಲಿ ಸೂಜಿಯ ಕೆಲಸ ತನ್ನ ಕೈಯಲ್ಲಿ ಇರಲಿಲ್ಲ ಎಂದು. ಅದು ಸತ್ಯವೇ ಅಲ್ಲವೇ? ಸಹಿ ಮಾಡದಿದ್ದರೆ ಕಲಿಯದ ಅವನ ಮೇಲೇ ಬರುತ್ತದೆ ಅಂದಾಗ ಮಾಡಿದ. ಮುಂಡಗೋಡದ ಕಡೆ, ಅತ್ತಿವೇರಿಯ ಹತ್ತಿರ ಅವನ ಅಕ್ಕನ ಮನೆ. ಅಲ್ಲಿಗೆ ಹೋದ.

ನಿನಗೆ ಏನಾದೀತು ಹೇಳು? ಹೆಚ್ಚೆಂದರೆ ನಿನ್ನ ಹೆಸರು ನರ್ಸುಗಳ ಪಟ್ಟಿಯಿಂದ ಹೋಗಬಹುದು, ಆಸ್ಪತ್ರೆಯವರು ಬಿಡಿಸಬಹುದು, ಹಾಸ್ಟೆಲ್ ಖೋಲಿ ಬಿಡಬೇಕಾಗಬಹುದು. ಇವರದು ಹೋದರೆ ಒಂದು ಮನೆತನವೇ ಹೋಗುತ್ತದೆ. ನೀನು ಒಬ್ಬಳೇ ಇದ್ದೀ, ಈಗ ಅವ್ವನ ಜವಾಬ್ದಾರಿಯೂ ಇಲ್ಲ. ಅಷ್ಟಕ್ಕೂ ಏನಾದರೂ ಆದರೆ ನೀನು ಇಲ್ಲಿಗೇ ಬಂದುಬಿಡು! ಈಶಪ್ಪನ ಖೋಲಿ ಖಾಲಿ ಇದೆ. ನರ್ಸ್ ಅಂತ ಅಲ್ಲ, ಅದು ಆಗ ಕಾಯಿದೆಗೆ ಬರುವುದಿಲ್ಲ. ಕಸ, ಪಟ್ಟಿ ಒಗೆಯುವುದು, ಇಂಥದ್ದು. ಅತ್ತೆಯನ್ನು ನಾನು ಒಪ್ಪಿಸುತ್ತೇನೆ. ನಾವಿಬ್ಬರೂ ಮತ್ತೆ ಒಂದೇ ಕಡೆ, ಸ್ಕೂಲಿನ ಹಾಗೆ! ಯೋಚಿಸು, ಎಷ್ಟು ಮಜಾ!

‘ಹೌದು’ ಎಂದು ಬರೆ. ಇಂಗ್ಲಿಷಿನಲ್ಲೇ ಬರೆ, ನಿನ್ನ ಅಕ್ಷರ ಚಂದ. ಈ ಕಾಗದ ಓದಿ ಸುಟ್ಟುಬಿಡು. ಇಷ್ಟೆಲ್ಲ ಮನಸ್ಸು ಬಿಚ್ಚಿ ಬರೆದದ್ದು ನಿನಗೆ ಅಂತಲೇ. ನೀನು ಕೊಟ್ಟ ಮಾತಿಗೆ ತಪ್ಪಿದವಳಲ್ಲ, ಮಾತು ಕೊಡದಿದ್ದರೂ ತಪ್ಪುವವಳಲ್ಲ.

ಸಾವಿರ ಮುತ್ತುಗಳೊಂದಿಗೆ,
ಎಂದೆಂದಿಗೂ ನಿನ್ನವಳೇ ಆದ,
ನೀಲು

ತಾ.ಕ.: ಲಕೋಟೆ ಅಂಟಿಸುತ್ತಿದ್ದೆ, ಅಷ್ಟರಲ್ಲಿ ಯಲ್ಲವ್ವ, ದುರ್ಗಪ್ಪ ಬಂದರು. ಯಲ್ಲವ್ವ ನನ್ನನ್ನೇ ನೋಡುತ್ತ, “ಬಾಯಾರ, ಅವತ್ತ ತಟ್ಟಿ ಹಿಡಕೊಂಡ ನಿಂತಾಕಿ ನೀವ ಅಲ್ಲೇನ್ರಿ?” ಅಂದಳು. “ಹಿಡಕೊಂಡ ನಿಂತಾಕಿ ಅಷ್ಟ ನಾನು, ಒಳಗ ಕುದಿಸಿದಾಕಿ ನರ್ಸಬಾಯಿ” ಅಂದೆ. ನಂಬಿದಳು. ದುರ್ಗಪ್ಪ, “ಆಕಿ ಎಲ್ಲಿರ್ತಾಳ ಹೇಳ್ರಿ. ನಾವೇನ ಹೊಡ್ಯಾಕ ಬಡ್ಯಾಕ ಹೋಗೂದಿಲ್ಲ. ಈಕಿನ್ನ ಆಕಿ ಮುಂದ ನಿಲ್ಲಸ್ತೇನಿ, ಕಣ್ತುಂಬ ನೋಡಲಿ” ಎಂದ. ನನಗೆ ಪಾಪ ಅನಿಸಿತು. ನಿನ್ನ ಹಾಸ್ಟೆಲಿನ ವಿಳಾಸ, ಖೋಲಿಯ ನಂಬರು ಸಹಿತ, ದೊಡ್ಡ ಅಕ್ಷರದಲ್ಲಿ ಬರೆದೆ. ಯಲ್ಲವ್ವ ಎಡಗೈ ಚಾಚಿದಳು. ಎಡಗೈಗೆ ಏನೂ ಕೊಡಬಾರದಲ್ಲ, ದುರ್ಗಪ್ಪನ ಕೈಗೆ ಕೊಟ್ಟೆ. ನಾಳೆ ಮುಂಜಾನೆ ಅಳ್ನಾವರದ ರೈಲು ಹಿಡಿದು ಬೆಳಗಾವಿಗೆ ಬರುತ್ತಾರೆ. ನಾಳೆ ನಾಡಿದ್ದು ಇವರು ನನ್ನನ್ನು ಧಾರವಾಡಕ್ಕೆ ಪಿಕ್ಚರ್ ತೋರಿಸಲು ಕರೆದೊಯ್ಯುತ್ತಾರೆ, ಹಾಗಾಗಿ ಈ ಕಾಗದ ಸೋಮವಾರ ಟಪಾಲಿಗೆ ಬೀಳುತ್ತದೆ. ನೀನು ಇದನ್ನು ಓದುವ ಹೊತ್ತಿಗೆ ಅವರು ಬಂದು ಹೋಗಿರುತ್ತಾರೆ. ನಿನ್ನ ಸ್ವಭಾವ ನನಗೆ ಗೊತ್ತಿಲ್ಲವೇ? ಯಾರು, ಯಾಕೆ ಬಂದರೆಂದು ತಿಳಿಯದಿದ್ದರೂ ಒಳಗೆ ಕರೆದು ಕೂರಿಸಿರುತ್ತೀ, ಅವಳ ಭುಜದ ಪಟ್ಟಿ ಬಿಚ್ಚಿ ಗಾಯ ತೊಳೆದಿರುತ್ತೀ, ಅವಳ ಜೊತೆ ಅತ್ತೂ ಇರುತ್ತೀ. ಹಾಗೆ ಮಾಡಿದ್ದರೆ ಒಳ್ಳೆಯದೇ ಆಯಿತು ಗೋದೂ. ದುರ್ಗಪ್ಪ ಅದನ್ನು ಅಡಿವೆಯ್ಯನವರಿಗೆ ಹೇಳುತ್ತಾನೆ, ತ‌ಪ್ಪು ಒಪ್ಪಿಕೊಂಡ ಹಾಗೆಯೇ ಕಾಣುತ್ತದೆ.